ಕುದುರೆಗೆ ಹುರುಳಿ ಹಾಕಿದ್ರೆ ಸಾಕಲ್ವಾ?

ನಾನು ಕುದುರೆಗಳ ಆಹಾರದ ಬಗ್ಗೆ ಸಂಶೋಧನೆ ಮಾಡುತ್ತೇನೆ. ಇದನ್ನು ಹೇಳಿದ ಕೂಡಲೇ ಎರಡು ಪ್ರಶ್ನೆ ಬರುತ್ತವೆ. ಮೊದಲನೆಯದು, ಯಾವ ಕುದುರೆ ಮೇಲೆ ದುಡ್ಡು ಹಾಕಲಿ? ಗೊತ್ತಿಲ್ಲ, ಹಾಕಬೇಡಿ. ಎರಡನೆಯದು ಹುರುಳಿಯದು.

ಹೋದ ವರ್ಷ ಊರಹಬ್ಬದಲ್ಲಿ ಊಟಕ್ಕೆ ಕೂತಾಗ ಸೋದರಮಾವ ಎಲ್ಲರಿಗೂ ಕೇಳುವ ಹಾಗೆ ಕೇಳಿದರು. "ಅಲ್ಲಮ್ಮಾ, ಕುದುರೆಗೆ ಹುರುಳಿ ಬೇಯಿಸಿ ಹಾಕಿದ್ರೆ ಮುಗೀತು. ಅದಕ್ಕೆ ಪಿಎಚ್‌ಡಿ ಯಾಕೆ?" ಅವರ ತಟ್ಟೆಯಲ್ಲಿ ಮುದ್ದೆ, ಹುರುಳಿಕಾಳಿನ ಬಸ್ಸಾರು. ಸಾಲಿನವರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ರಾತ್ರಿಯಿಡೀ ಒಂದೊಂದೇ ಉತ್ತರ ಹೊಳೆಯಿತು. ಆ 'ಮುಗೀತು' ಇದೆಯಲ್ಲ, ಅದೇ ನನಗೆ ಆಗಿಬರಲ್ಲ. ಅನ್ನ ಉಣಿಸಿದ್ರೆ ಮುಗೀತು, ನೀವ್ಯಾಕೆ ಓದಿದ್ರಿ ಅಂತ ಮಕ್ಕಳ ಡಾಕ್ಟರನ್ನು ಯಾರೂ ಕೇಳಲ್ಲ.

ಮಾವನ ಮಾತಿನಲ್ಲಿ ಹುರುಳಿಲ್ಲ ಅಂತ ಮಾತ್ರ ನಾನು ಹೇಳಲಾರೆ. ಹುರುಳಿಯಲ್ಲಿ ನೂರು ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ನೆನೆಸಿ ಬೇಯಿಸುವುದೂ ಸರಿಯೇ. ಹಸಿ ಕಾಳಿನಲ್ಲಿ ಪ್ರೋಟೀನ್ ಅರಗದಂತೆ ತಡೆಯುವ ಅಂಶ ಇರುತ್ತದೆ, ಬೆಂದರೆ ಅದು ಹೋಗುತ್ತದೆ. ಹಳೇ ಕಾಲದ ಲಾಯದವರಿಗೆ ಇದು ಲ್ಯಾಬ್ ಇಲ್ಲದೆಯೇ ಗೊತ್ತಿತ್ತು, ಒಪ್ಪಿದೆ. ಆದರೆ ಜಾಸ್ತಿ ಹಾಕಿದರೆ? ಬೇಡದ ಪ್ರೋಟೀನ್ ಮೂತ್ರದಲ್ಲಿ ಹೊರಬೀಳುತ್ತದೆ. ಬೆಳಿಗ್ಗೆ ಲಾಯದ ಬಾಗಿಲು ತೆಗೆದಾಗ ಅಮೋನಿಯಾ ಕಣ್ಣಿಗೆ ಹೊಡೆದರೆ, ಕಸ ಯಾವಾಗ ತೆಗೆದ್ರಿ ಅಂತ ಮೊದಲು ಕೇಳುತ್ತೇನೆ, ಆಮೇಲೆ ಕಾಳಿನ ಲೆಕ್ಕ ಕೇಳುತ್ತೇನೆ.

ಇನ್ನು ಹೊಟ್ಟೆ. 500 ಕೆಜಿ ತೂಗುವ ಪ್ರಾಣಿಯ ಜಠರ ಹೆಚ್ಚೆಂದರೆ 15 ಲೀಟರಿನದು. ಒಂದು ಬಕೆಟ್ ಅಂದುಕೊಳ್ಳಿ. ಹಸು ಹುಲ್ಲನ್ನು ಮೊದಲ ಹೊಟ್ಟೆಯಲ್ಲೇ ಹುದುಗಿಸಿಕೊಳ್ಳುತ್ತದೆ. ಕುದುರೆಗೆ ಆ ಕೆಲಸ ನಡೆಯುವುದು ಕೊನೆಯಲ್ಲಿ, ದೊಡ್ಡ ಕರುಳಿನಲ್ಲಿ. ಒಂದೇ ಸಲ ರಾಶಿ ಕಾಳು ಸುರಿದರೆ ಅರಗದ ಪಿಷ್ಟ ಅಲ್ಲಿಗೆ ಇಳಿದು ಹುಳಿಯಾಗುತ್ತದೆ. ಹೊಟ್ಟೆನೋವು ಬರಬಹುದು. ಗೊರಸಿನೊಳಗೆ ಉರಿಯೂತ ಬಂದು ಕುದುರೆಗೆ ನಿಲ್ಲಲೂ ಆಗದ ಸ್ಥಿತಿ ಬರಬಹುದು. ವಾಂತಿ ಮಾಡಿ ಹಗುರಾಗೋಣ ಅಂದರೆ ಕುದುರೆಗೆ ವಾಂತಿಯೇ ಬರಲ್ಲ. ಅದಕ್ಕೇ ಹುಲ್ಲು ಮೊದಲು. ದಿನಕ್ಕೆ 8 ಕೆಜಿ ಒಣಹುಲ್ಲಾದರೂ ಬೇಕು, ಅದೂ ದಿನವಿಡೀ ಮೆಲ್ಲುವಂತೆ. ಕಾಳು ಆಮೇಲೆ.

ರೇಸಿನ ಕುದುರೆಗಳಿಗೆ ಇದನ್ನೆಲ್ಲ ನೋಡಿಕೊಳ್ಳಲು ಡಾಕ್ಟರು, ಟ್ರೇನರು ಎಲ್ಲ ಇರುತ್ತಾರೆ. ನನ್ನನ್ನು ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದವರು ಮೈಸೂರಿನ ಒಬ್ಬ ಟಾಂಗಾವಾಲಾ.

ನಾನಾಗ ಹೊಸಬಳು. ಅವರ ಕುದುರೆಯ ಮುಖ ಎರಡೂ ಕಡೆ ಉಬ್ಬಿತ್ತು. "ಹಲ್ಲು ನೋಡಿ ಮೇಡಂ" ಅಂದರು. ಕೈಯಿಟ್ಟು ನೋಡಿದೆ. ಗಟ್ಟಿ. ಮೂಳೆಯೇ ಊದಿತ್ತು. ಏನು ಹಾಕ್ತೀರಿ ಅಂದೆ. "ಗೋಧಿ ಬೂಸ. ಕೊಂಡಾಗಿಂದ ಅದೇ. ನಾವು ಊಟ ಬಿಟ್ಟಿದ್ದೀವಿ, ಇದಕ್ಕೆ ಬೂಸ ತಪ್ಪಿಸಿಲ್ಲ." ಹೇಳುವಾಗ ಮುಖದಲ್ಲಿ ಹೆಮ್ಮೆ ಇತ್ತು.

ಬೂಸದಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಸುಮಾರು ಹತ್ತು ಪಟ್ಟು. ಬರೀ ಬೂಸ ತಿಂದರೆ ರಕ್ತಕ್ಕೆ ಕ್ಯಾಲ್ಸಿಯಂ ಸಾಲದೆ, ದೇಹ ಅದನ್ನು ಮೂಳೆಯಿಂದ ಕಿತ್ತುಕೊಳ್ಳುತ್ತದೆ. ಮೂಳೆಯಲ್ಲಿ ಖಾಲಿಯಾದ ಜಾಗಕ್ಕೆ ನಾರಿನಂಥ ಅಂಗಾಂಶ ತುಂಬಿ ಮುಖ ಉಬ್ಬುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ 'ಗಿರಣಿಯವನ ರೋಗ' ಅಂತ ಹಳೇ ಹೆಸರು. ಹಿಟ್ಟಿನ ಗಿರಣಿಯವರ ಕುದುರೆಗೆ ಬೂಸ ಬೇಕಾದಷ್ಟು ಸಿಗುತ್ತಿತ್ತಲ್ಲ.

ಇದನ್ನೆಲ್ಲ ವಿವರಿಸಿ ಬೂಸ ಬಿಡಿ ಅಂದೆ. ಅವರು ಜೇಬಿನಿಂದ ಎರಡು ನೋಟು ತೆಗೆದು ತೋರಿಸಿದರು. "ದಿನಕ್ಕೆ ಇಷ್ಟೇ ಮೇಡಂ. ಇದರಲ್ಲಿ ಏನು ಹಾಕಲಿ?"

ನಾನು ಓದಿದ್ದ ಯಾವ ಪೇಪರಿನಲ್ಲೂ ಆ ಎರಡು ನೋಟಿನ ಲೆಕ್ಕ ಇರಲಿಲ್ಲ. ಬೀಡಿಕಟ್ಟಿನ ಕಾಗದ ಬಿಡಿಸಿ, ಅದರ ಹಿಂದೆ ಇಬ್ಬರೂ ಲೆಕ್ಕ ಹಾಕಿದೆವು. ಬೂಸ ಕಾಲು ಭಾಗಕ್ಕೆ ಇಳಿಸುವುದು. ಸಿಕ್ಕಷ್ಟು ಕುದುರೆ ಮಸಾಲೆ ಸೊಪ್ಪು, ಅಂದರೆ ಲೂಸರ್ನ್ ಮೇವು, ಅದರಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ. (ಹೆಸರಲ್ಲೇ ಕುದುರೆ ಇದ್ದರೂ ಮಾವನಿಗೆ ಇದು ನೆನಪಾಗಲ್ಲ.) ಜೊತೆಗೆ ಒಂದಿಷ್ಟು ಸುಣ್ಣದ ಕಲ್ಲಿನ ಪುಡಿ. "ಎಲೆಅಡಿಕೆ ಸುಣ್ಣ ಆಗುತ್ತಾ?" "ಅಯ್ಯೋ ಬೇಡ, ಬಾಯಿ ಸುಡುತ್ತೆ." ಒಣಹುಲ್ಲಿಗೆ ಬರುವಷ್ಟರಲ್ಲಿ ದುಡ್ಡು ಮುಗಿಯಿತು. ಹುಲ್ಲಿಂದಲೇ ಮತ್ತೆ ಶುರು ಮಾಡಿದೆವು.

ಆ ಕುದುರೆಯ ಊತ ಮುಂದೆ ಬೆಳೆಯಲಿಲ್ಲ. ಪೂರ್ತಿ ಇಳಿಯಲೂ ಇಲ್ಲ. ಮೈಸೂರಿಗೆ ಹೋದಾಗ ಜೊತೆಗಿದ್ದವರು ಅರಮನೆ ನೋಡುತ್ತಾರೆ. ನಾನು ಹೊರಗೆ ನಿಂತ ಟಾಂಗಾ ಕುದುರೆಗಳ ಮುಖ ನೋಡುತ್ತೇನೆ.