ವಲಯವೇ ಮೂಡದ ಪ್ಲೇಟು

ಬುಧವಾರ ಬೆಳಿಗ್ಗೆ ಇನ್‌ಕ್ಯುಬೇಟರಿನಿಂದ ತೆಗೆದ ಪ್ಲೇಟಿನಲ್ಲಿ ಇ. ಕೋಲೈ ಬ್ಯಾಕ್ಟೀರಿಯಾ, ಮೆರೋಪೆನೆಮ್ ಎಂಬ ಆ್ಯಂಟಿಬಯೋಟಿಕ್ ಹೀರಿಸಿದ ಕಾಗದದ ಡಿಸ್ಕಿನ ಅಂಚಿಗೇ ಒತ್ತಿಕೊಂಡು ಬೆಳೆದಿತ್ತು. ಡಿಸ್ಕಿನ ಅಗಲವೇ 6 ಮಿ.ಮೀ. ಆದ್ದರಿಂದ ಸುತ್ತ ವಲಯ, ಎಂದರೆ ಔಷಧ ಬ್ಯಾಕ್ಟೀರಿಯಾವನ್ನು ತಡೆದು ಬಿಡಿಸಿದ ಖಾಲಿ ಜಾಗ, ಇಲ್ಲದಿದ್ದರೂ ರಿಜಿಸ್ಟರಿನಲ್ಲಿ 6 ಎಂದೇ ಬರೆಯುವುದು. ಉಳಿದ ಔಷಧಗಳೂ ಹಾಗೆಯೇ: ಸೆಫ್ಟ್ರಿಯಾಕ್ಸೋನ್ 6, ಸಿಪ್ರೊಫ್ಲಾಕ್ಸಾಸಿನ್ 6, ಜೆಂಟಾಮೈಸಿನ್ 6, ಅಮಿಕಾಸಿನ್ 6. ಮೆರೋಪೆನೆಮ್ ಕೆಲಸ ಮಾಡುತ್ತದೆ ಎನ್ನಲು 23 ಆದರೂ ಬೇಕು. 19ಕ್ಕೆ ಇಳಿದರೆ ನಿರೋಧ.

ಮೂತ್ರದ ಸ್ಯಾಂಪಲ್ ಬಂದದ್ದು ಸೋಮವಾರ, ವೈಟ್‌ಫೀಲ್ಡ್ ಕಡೆಯಿಂದ ಜಯನಗರದ ನಮ್ಮ ಲ್ಯಾಬಿಗೆ, ಬೈಕಿನಲ್ಲಿ, ಐಸ್ ಪ್ಯಾಕ್ ಸಮೇತ. ಐಸ್ ಇಲ್ಲದೆ ಸಿಲ್ಕ್ ಬೋರ್ಡ್ ಜಾಮಿನಲ್ಲಿ ಕೂತು ಬಂದ ಡಬ್ಬಿಯನ್ನು ವಾಪಸ್ ಕಳಿಸುತ್ತೇವೆ. ಅನುಕೂಲ ಸಿಕ್ಕರೆ ಇ. ಕೋಲೈ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ, ಎರಡು ಗಂಟೆಯಲ್ಲಿ ಒಂದು ಹೋಗಿ 64. ಆಮೇಲೆ ಎಣಿಸಿ ಏನು ಬಂತು? ಈ ಸ್ಯಾಂಪಲ್ಲನ್ನು 1 ಮೈಕ್ರೋಲೀಟರ್ ಲೂಪಿನಿಂದ ಗೀರಿದ್ದಕ್ಕೆ ಮಂಗಳವಾರ ನೂರಕ್ಕೂ ಹೆಚ್ಚು ಗುಲಾಬಿ ಕಾಲನಿಗಳು ಬಂದಿದ್ದವು. ಎಂದರೆ ಮಿಲಿಲೀಟರಿಗೆ ಒಂದು ಲಕ್ಷ ದಾಟಿತ್ತು.

ಇಂಥ ಪ್ಲೇಟು ಕಂಡರೆ ಮೊದಲ ಅನುಮಾನ ನಮ್ಮ ಕೈಗೆಲಸದ ಮೇಲೆಯೇ. ಪ್ಲೇಟಿನೊಳಗಿನ ಜೆಲ್ಲಿ, ಅಗರ್, 4 ಮಿ.ಮೀ. ದಪ್ಪ ಇರಬೇಕು, ಹೆಚ್ಚು ಸುರಿದರೆ ಔಷಧ ಕೆಳಕ್ಕೂ ಹರಡಿ ವಲಯ ಚಿಕ್ಕದಾಗುತ್ತದೆ. ಬ್ಯಾಕ್ಟೀರಿಯಾದ ದ್ರಾವಣ 0.5 ಮ್ಯಾಕ್‌ಫರ್ಲೆಂಡ್‌ಗಿಂತ (ದ್ರಾವಣ ಎಷ್ಟು ಕದಡಿದೆ ಎಂದು ಅಳೆಯುವ ಮಾನ) ದಟ್ಟವಾದರೂ ಅದೇ ಕಥೆ. ಇನ್ನೊಂದು ಸಾಮಾನ್ಯ ತಪ್ಪೆಂದರೆ ಡಿಸ್ಕಿನ ಡಬ್ಬಿಯನ್ನು ಫ್ರಿಜ್ಜಿನಿಂದ ತೆಗೆದ ತಕ್ಷಣ ತೆರೆಯುವುದು. ಒಳಗೆ ತೇವ ಕೂತು ಔಷಧ ಸತ್ವ ಕಳೆದುಕೊಳ್ಳುತ್ತದೆ. ಆದರೆ ಅದೇ ಡಬ್ಬಿಯ ಡಿಸ್ಕ್ ಪಕ್ಕದ ಕಂಟ್ರೋಲ್ ಪ್ಲೇಟಿನಲ್ಲಿ, ಎಂದರೆ ಔಷಧಕ್ಕೆ ಸಾಯುತ್ತದೆಂದು ಗೊತ್ತಿರುವ ಇ. ಕೋಲೈ ಹಚ್ಚಿದ ಪ್ಲೇಟಿನಲ್ಲಿ, 30 ಮಿ.ಮೀ. ವಲಯ ಬಿಡಿಸಿತ್ತು. ತಪ್ಪು ನಮ್ಮದಾಗಿರಲಿಲ್ಲ.

ರೋಗಿಯ ಚೀಟಿಯಲ್ಲಿ ಹಿಂದೆ ನುಂಗಿದ ಔಷಧ ಎಂದು ಇದ್ದದ್ದು ಸೆಫಿಕ್ಸಿಮ್ ಒಂದೇ. ಹೊಸದಾಗಿ ಸೇರಿದ ಟೆಕ್ನಿಷಿಯನ್ ಕೇಳಿದಳು: "ಮೇಡಂ, ಜೆಂಟಾಮೈಸಿನ್ ಕಂಡೇ ಇಲ್ಲ, ಅದಕ್ಕೆ ಹೇಗೆ ಒಗ್ಗಿಕೊಂಡಿತು?"

ಈ "ಒಗ್ಗಿಕೊಳ್ಳುವುದು" ಅನ್ನೋ ಮಾತೇ ದಾರಿ ತಪ್ಪಿಸುವುದು. ಬ್ಯಾಕ್ಟೀರಿಯಾ ಒಂದೊಂದು ಔಷಧವನ್ನೂ ಎದುರಿಸಿ ಪಾಠ ಕಲಿಯಬೇಕಾಗಿಲ್ಲ. ಕ್ರೋಮೋಸೋಮಿಗೆ ಅಂಟದೆ ಬೇರೆಯೇ ಇರುವ ಡಿಎನ್‌ಎ ಬಳೆ, ಪ್ಲಾಸ್ಮಿಡ್, ಅದರ ಮೇಲೆ ಮೂರ್ನಾಲ್ಕು ಔಷಧಗಳ ನಿರೋಧದ ಜೀನುಗಳು ಅಕ್ಕಪಕ್ಕ ಕೂತಿರುತ್ತವೆ. ಎರಡು ಬ್ಯಾಕ್ಟೀರಿಯಾಗಳು ತಾಗಿದಾಗ ಬಳೆಯ ನಕಲು ಪಕ್ಕದ್ದಕ್ಕೆ ದಾಟುತ್ತದೆ. ಜಾತಿ ಬೇರೆಯಾದರೂ ತಡೆಯಿಲ್ಲ, ಕ್ಲೆಬ್‌ಸಿಯೆಲ್ಲಾದಿಂದ ಇ. ಕೋಲೈಗೂ ಬರುತ್ತದೆ. ಜಪಾನಿನಲ್ಲಿ 1950ರ ದಶಕದಲ್ಲಿ ಆಮಶಂಕೆಯ ಶಿಗೆಲ್ಲಾ ನಾಲ್ಕು ಔಷಧಗಳಿಗೆ ಒಟ್ಟಿಗೇ ಬಗ್ಗದಾದಾಗ ಈ ಗುಟ್ಟು ಹೊರಬಿತ್ತು. ಹೊಟ್ಟೆಗೆ ಸೆಫಿಕ್ಸಿಮ್ ಹೋದರೆ ಈ ಜೀನುಗಳ ಗಂಟು ಇಲ್ಲದವು ಸಾಯುತ್ತವೆ. ಉಳಿದದ್ದು ಇಡೀ ಗಂಟು ಹೊತ್ತೇ ಉಳಿಯುತ್ತದೆ, ಜೆಂಟಾಮೈಸಿನ್ ನಿರೋಧವೂ ಅದರೊಳಗೇ. ಸಿಪ್ರೊಫ್ಲಾಕ್ಸಾಸಿನ್ ಮಾತ್ರ ಬಹುಪಾಲು ಬೇರೆ ದಾರಿ: ಔಷಧ ಹಿಡಿಯಬೇಕಾದ ಗೈರೇಸ್ ಕಿಣ್ವದ ಜೀನೇ ಕ್ರೋಮೋಸೋಮಿನಲ್ಲಿ ಬದಲಾಗಿರುತ್ತದೆ.

ಮೆರೋಪೆನೆಮ್ಮನ್ನು ಕಡಿಯುತ್ತಿರುವ ಕಿಣ್ವ ಇದೆಯೇ ಎಂದು ನೋಡಲು ದೊಡ್ಡ ಯಂತ್ರವೇನೂ ಬೇಡ. ಎರಡು ಟ್ಯೂಬಿನಲ್ಲಿ 2 ಮಿಲಿಲೀಟರ್ ಸೋಯಾ ಬ್ರಾತ್ (ಬ್ಯಾಕ್ಟೀರಿಯಾ ಬೆಳೆಸುವ ದ್ರವ), ಎರಡಕ್ಕೂ ಒಂದೊಂದು ಲೂಪು ಬ್ಯಾಕ್ಟೀರಿಯಾ, ಒಂದಕ್ಕೆ ಮಾತ್ರ 20 ಮೈಕ್ರೋಲೀಟರ್ ಇಡಿಟಿಎ ಎಂಬ ರಾಸಾಯನಿಕ. ಎರಡರಲ್ಲೂ 10 ಮೈಕ್ರೋಗ್ರಾಮಿನ ಮೆರೋಪೆನೆಮ್ ಡಿಸ್ಕ್ ಮುಳುಗಿಸಿ ನಾಲ್ಕು ಗಂಟೆ 35 ಡಿಗ್ರಿಯಲ್ಲಿ ಬಿಟ್ಟೆವು. ಡಿಸ್ಕ್ ಎತ್ತುವಾಗ ಲೂಪಿನ ಅಂಚನ್ನು ಟ್ಯೂಬಿನ ಗೋಡೆಗೆ ಒರೆಸಿ ನೀರು ಇಳಿಸಬೇಕು. ಇಲ್ಲದಿದ್ದರೆ ಪ್ಲೇಟಿನ ಮೇಲೆ ರಾಡಿಯಾಗುತ್ತದೆ. ಆಮೇಲೆ ಎರಡನ್ನೂ ಔಷಧಕ್ಕೆ ಸುಲಭವಾಗಿ ಸಾಯುವ ಕಂಟ್ರೋಲ್ ಇ. ಕೋಲೈ ಹಚ್ಚಿದ ಪ್ಲೇಟಿನ ಮೇಲೆ ಇಟ್ಟೆವು.

ಗುರುವಾರ ನೋಡಿದರೆ ಬರೀ ಬ್ರಾತಿನಿಂದ ಬಂದ ಡಿಸ್ಕಿನ ಸುತ್ತ ಏನೂ ಇಲ್ಲ. ಔಷಧವೆಲ್ಲ ಟ್ಯೂಬಿನಲ್ಲೇ ಕಡಿದುಹೋಗಿತ್ತು. ಇಡಿಟಿಎ ಇದ್ದ ಡಿಸ್ಕಿನ ಸುತ್ತ 24 ಮಿ.ಮೀ. ವಲಯ. ಇಡಿಟಿಎ ಸತುವನ್ನು ಕಿತ್ತುಕೊಳ್ಳುತ್ತದೆ. ಸತು ಹೋದರೆ ಮೆರೋಪೆನೆಮ್ ಕಡಿಯುವ ಎನ್‌ಡಿಎಂ ಗುಂಪಿನ ಕಿಣ್ವ ಕೆಲಸ ನಿಲ್ಲಿಸುತ್ತದೆ. 5 ಮಿ.ಮೀ. ವ್ಯತ್ಯಾಸ ಸಾಕಿತ್ತು, ಇಲ್ಲಿ 24ರಲ್ಲಿ ಡಿಸ್ಕಿನ 6 ಕಳೆದು 18 ಸಿಕ್ಕಿತು.

ಡಾಕ್ಟರಿಗೆ ಫೋನ್ ಮಾಡಿದಾಗ ಅವರ ಮೊದಲ ಪ್ರಶ್ನೆ, "ಕೊಲಿಸ್ಟಿನ್ ಹೇಗಿದೆ ಮೇಡಂ?" ಬೇರೆ ಔಷಧ ನಡೆಯದಾಗ ಕೊನೆಗೆ ನೆನಪಾಗುವ ಔಷಧ ಅದು, ಅದನ್ನು ಡಿಸ್ಕಿನಲ್ಲಿ ನೋಡಿ ಹೇಳಬಾರದು. ಅಣು ದೊಡ್ಡದು, ಅಗರಿನಲ್ಲಿ ಸರಿಯಾಗಿ ಹರಡುವುದಿಲ್ಲ. ಔಷಧವನ್ನು ಬ್ರಾತಿನಲ್ಲಿ ದುರ್ಬಲಗೊಳಿಸುತ್ತಾ ಹೋಗಿ ನೋಡಬೇಕು. ಅಷ್ಟು ದೂರ ಹೋಗುವ ಅಗತ್ಯವೂ ಇರಲಿಲ್ಲ. ರೋಗಿಗೆ ಜ್ವರವಿಲ್ಲ, ಬೆನ್ನುನೋವಿಲ್ಲ, ಸೋಂಕು ಮೂತ್ರಕೋಶದಲ್ಲೇ ಇತ್ತು. ನೈಟ್ರೋಫ್ಯುರಾಂಟಾಯಿನ್ 19, ಫಾಸ್ಫೊಮೈಸಿನ್ 22. ಗಡಿ ಒಂದೊಂದು ಔಷಧಕ್ಕೂ ಬೇರೆ. ಎರಡೂ ಹಳೆಯ ಔಷಧಗಳು, ಎರಡೂ ತಮ್ಮ ಗಡಿ ದಾಟಿ ಗೆದ್ದಿದ್ದವು. 3 ಗ್ರಾಮಿನ ಫಾಸ್ಫೊಮೈಸಿನ್ ಪುಡಿ, ಒಂದೇ ಸಲ, ನೀರಿನಲ್ಲಿ ಕಲಸಿ ಕುಡಿಯುವುದೆಂದು ಡಾಕ್ಟರು ಬರೆದರು.

ಪ್ಲೇಟುಗಳು ಅಂದು ಸಂಜೆ ಆಟೋಕ್ಲೇವಿಗೆ ಹೋದವು. 121 ಡಿಗ್ರಿ ಹಬೆಯಲ್ಲಿ ಗಂಟು ಹೊತ್ತದ್ದೂ ಹೊರದದ್ದೂ ಒಂದೇ ರೀತಿ ಸಾಯುತ್ತವೆ.