ವಜ್ರದ ಪುಸ್ತಕ, ಇಪ್ಪತ್ನಾಲ್ಕು ಪುಟ

ಕೆನಡಾದ ಉತ್ತರದ ಯೆಲ್ಲೋನೈಫಿಗೆ ಬಂದ ಹೊಸದರಲ್ಲಿ ಬಳ್ಳಾರಿಯಿಂದ ಅವ್ವ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ ಚಳಿಯದ್ದಲ್ಲ. "ಅಲ್ಲೂ ವಜ್ರ ಸಿಗ್ತಾವಂತಲ್ಲ, ಖರೇನಾ?"

ನಮ್ಮ ಮನೆಯಲ್ಲಿ ಈ ಪ್ರಶ್ನೆ ಹುಟ್ಟುವುದು ಸಹಜ. ಅಜ್ಜಿಯ ತವರು ಗುಂತಕಲ್ ಕಡೆಯ ಒಂದು ಹಳ್ಳಿ, ವಜ್ರಕರೂರಿಗೆ ಹತ್ತಿರ. ಮುಂಗಾರಿನ ಮೊದಲ ಮಳೆ ಬಿದ್ದು ಮಣ್ಣು ತೊಳೆದುಕೊಂಡ ಮೇಲೆ ಆ ಸೀಮೆಯ ಹೊಲಗಳಲ್ಲಿ ಜನ ತಲೆ ಬಗ್ಗಿಸಿಕೊಂಡು ಹರಳು ಹುಡುಕುತ್ತಾ ನಡೆಯುತ್ತಾರೆ. ಬಳ್ಳಾರಿಯಿಂದಲೂ ಬುತ್ತಿ ಕಟ್ಟಿಕೊಂಡು ಹೋಗುವವರಿದ್ದಾರೆ. ಅಜ್ಜಿಯೂ ಸಣ್ಣವಳಿದ್ದಾಗ ಹೋಗಿದ್ದಳು. ಏನೂ ಸಿಕ್ಕಿರಲಿಲ್ಲ. ಆದರೆ ಹೇಗೆ ನಡೆಯಬೇಕೆಂದು ಪಡಸಾಲೆಯಲ್ಲಿ ನಡೆದು ತೋರಿಸುತ್ತಿದ್ದಳು: ಇಳಿಬಿಸಿಲಿಗೆ ಮುಖ ಮಾಡಿ, ಸಾವಕಾಶವಾಗಿ, ಒಂದೊಂದೇ ಸಾಲು ಹಿಡಿದು.

ಇಲ್ಲಿ ನನಗೆ ಒಂದು ಶಾಲೆಯ ಗ್ರಂಥಾಲಯದಲ್ಲಿ ಅರ್ಧ ದಿನದ ಕೆಲಸ. ಪುಸ್ತಕ ಜೋಡಿಸುವುದು, ಹರಿದ ಪುಟ ಅಂಟಿಸುವುದು, ಸಣ್ಣ ಮಕ್ಕಳಿಗೆ ಓದಿ ಹೇಳುವುದು. 2024ರ ನವೆಂಬರಿನಲ್ಲಿ ಎರಡನೇ ತರಗತಿಯ ಟೀಚರ್ ಬಂದು, ನಮ್ಮ ಉತ್ತರದ ವಜ್ರಗಳ ಬಗ್ಗೆ ಮಕ್ಕಳ ಕೈಯಿಂದಲೇ ಒಂದು ಚಿತ್ರಪುಸ್ತಕ ಮಾಡಿಸೋಣ, ನೀವೂ ಸೇರಿಕೊಳ್ಳಿ ಎಂದರು. ಹತ್ತೊಂಬತ್ತು ಮಕ್ಕಳು. ಎಲ್ಲರೂ ಏಳೆಂಟು ವರ್ಷದವರು.

ಮೊದಲ ದಿನ "ಒಂದು ವಜ್ರ ಬರೆಯಿರಿ" ಎಂದೆವು. ಹತ್ತೊಂಬತ್ತು ಹಾಳೆಗಳಲ್ಲೂ ಉಂಗುರದ ಹರಳೇ ಬಂತು. ಮೇಲೆ ಚಪ್ಪಟೆ, ಕೆಳಗೆ ಚೂಪು, ಸುತ್ತ ಹಳದಿ ಗೆರೆ. ಆಮೇಲೆ ಟೀಚರ್, ಯಾರ ಮನೆಯವರು ಗಣಿಯಲ್ಲಿದ್ದಾರೆ ಎಂದು ಕೇಳಿದರು. ಹನ್ನೊಂದು ಕೈ ಮೇಲೆದ್ದವು. ಹಿಂದಿನ ಬೆಂಚಿನಲ್ಲಿ ಒಬ್ಬನೇ ಕೂರುವ, ಹೆಚ್ಚು ಮಾತಾಡದ ಹುಡುಗನೊಬ್ಬ ಕೈ ಇಳಿಸದೆ ಹೇಳಿದ: "ನಮ್ಮಪ್ಪ ವಜ್ರದ ಗಣೀಲಿ ದೊಡ್ಡ ಲಾರಿ ಓಡಿಸ್ತಾರೆ. ಆದ್ರೆ ಅವರು ಒಂದು ವಜ್ರಾನೂ ನೋಡಿಲ್ಲ."

ಅದು ನಿಜ. ಅಗೆದ ಕಲ್ಲು ನೇರವಾಗಿ ಕಾರ್ಖಾನೆಗೆ ಹೋಗುತ್ತದೆ. ಅಲ್ಲಿ ಪುಡಿಯಾಗಿ, ನೀರಿನಲ್ಲಿ ತೊಳೆದು, ಭಾರದ್ದು ಹಗುರದ್ದು ಬೇರೆಯಾಗಿ, ಕೊನೆಗೆ ಕ್ಷ-ಕಿರಣದ ಕೆಳಗೆ ಹಾಯುತ್ತದೆ. ಕಿರಣ ತಾಗಿದಾಗ ವಜ್ರ ಹೊಳೆಯುತ್ತದೆ, ಹೊಳೆದದ್ದನ್ನು ಗಾಳಿಯ ಚಿಮ್ಮು ಪಕ್ಕಕ್ಕೆ ತಳ್ಳುತ್ತದೆ. ಬೀಗದೊಳಗಿನ ಆ ಕೋಣೆಗೆ ಲಾರಿ ಓಡಿಸುವವನಿಗೇನು ಕೆಲಸ? ಒಂದು ಟನ್ ಕಲ್ಲಿಗೆ ಕೆಲವೇ ಕ್ಯಾರೆಟ್. ಐದು ಕ್ಯಾರೆಟ್ ಸೇರಿದರೆ ಒಂದು ಗ್ರಾಂ. ಹುಡುಗನ ಆ ಮಾತನ್ನೇ ಮೊದಲ ಪುಟದಲ್ಲಿ ಇದ್ದ ಹಾಗೆ ಇಟ್ಟೆವು. ನಾನು ಮನೆಯಲ್ಲಿ ಕೂತು ಅಧ್ಯಾಯಗಳ ಪಟ್ಟಿಯೊಂದನ್ನು ಬರೆದುಕೊಂಡು ಹೋಗಿದ್ದೆ. ಅದನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ.

ವಜ್ರ ಸಿಕ್ಕ ಕಥೆ ಹೇಳುವ ಸರದಿ ನನ್ನದಾಗಿತ್ತು. ಚಕ್ ಫಿಪ್ಕೆ, ಸ್ಟುವರ್ಟ್ ಬ್ಲಸ್ಸನ್ ಎಂಬ ಇಬ್ಬರು ಭೂವಿಜ್ಞಾನಿಗಳು ಹತ್ತು ವರ್ಷದ ಹತ್ತಿರ ಈ ಬಯಲಿನಲ್ಲಿ ಮಣ್ಣು ತುಂಬಿಸಿಕೊಳ್ಳುತ್ತಾ ಅಲೆದರು. ಅವರು ಹುಡುಕಿದ್ದು ವಜ್ರವನ್ನಲ್ಲ, ವಜ್ರದ ಜೊತೆಗೆ ಮೇಲೆ ಬರುವ ಕೆಂಪು ಗಾರ್ನೆಟ್, ಹಸಿರು ಕ್ರೋಮ್ ಡಯಾಪ್ಸೈಡ್ ಎಂಬ ಖನಿಜಗಳ ಕಾಳುಗಳನ್ನು. ಹಿಮಯುಗದ ನೀರ್ಗಲ್ಲು, ಅಂದರೆ ನಿಧಾನವಾಗಿ ಜರುಗುವ ಹಿಮದ ರಾಶಿ, ಆ ಕಾಳುಗಳನ್ನು ಪಶ್ಚಿಮಕ್ಕೆ ಎಳೆದು ಚೆಲ್ಲಿತ್ತು. ಇವರು ಚೆಲ್ಲಿದ ದಾರಿ ಹಿಡಿದು ಹಿಂದಕ್ಕೆ, ಪೂರ್ವಕ್ಕೆ ನಡೆದರು. 1991ರಲ್ಲಿ ಪಾಯಿಂಟ್ ಲೇಕ್ ಎಂಬ ಕೆರೆಯ ಅಡಿ ಕೊರೆದಾಗ 59 ಕಿಲೋ ಕಲ್ಲಿನಲ್ಲಿ 81 ಪುಟ್ಟ ವಜ್ರ ಸಿಕ್ಕವು. ಕೆನಡಾದ ಮೊದಲ ವಜ್ರದ ಗಣಿ ಎಕಾಟಿ 1998ರಲ್ಲಿ ಶುರುವಾಯಿತು, ಯೆಲ್ಲೋನೈಫಿನಿಂದ ಈಶಾನ್ಯಕ್ಕೆ ಸುಮಾರು 300 ಕಿಲೋಮೀಟರ್. ಡಯಾವಿಕ್ 2003ರಲ್ಲಿ, ಗಾಚೋ ಕುಯೆ 2016ರಲ್ಲಿ.

"ಕೆರೆಯ ಕೆಳಗೇ ಯಾಕೆ?" ಎಂದು ಒಬ್ಬಳು ಕೇಳಿದಳು. ನನಗೆ ಬಹಳ ಖುಷಿಯಾದ ಪ್ರಶ್ನೆ. ವಜ್ರ ಹೊತ್ತು ತಂದ ಕಿಂಬರ್‌ಲೈಟ್ ಎಂಬ ಜ್ವಾಲಾಮುಖಿಯ ಕಲ್ಲು ಸುತ್ತಲ ಬಂಡೆಗಿಂತ ಮೆತ್ತಗೆ. ನೀರ್ಗಲ್ಲು ಉಜ್ಜಿದಾಗ ಅದೇ ಹೆಚ್ಚು ಸವೆದು ಗುಂಡಿಯಾಯಿತು, ಗುಂಡಿಯಲ್ಲಿ ನೀರು ನಿಂತಿತು. ಆಗ ನಾನು ಎದ್ದು ಅಜ್ಜಿ ನಡೆಯುತ್ತಿದ್ದ ಹಾಗೆ ತರಗತಿಯಲ್ಲಿ ನಡೆದು ತೋರಿಸಿದೆ. ಅಜ್ಜಿ ನಡೆದದ್ದೂ ಕಿಂಬರ್‌ಲೈಟಿನ ಸೀಮೆಯಲ್ಲೇ. ವಜ್ರಕರೂರಿನದು ನೂರು ಕೋಟಿ ವರ್ಷಕ್ಕೂ ಹಳೆಯದು, ಇಲ್ಲಿ ಲಾಕ್ ದ ಗ್ರಾ ಕೆರೆಯ ಸುತ್ತಲಿನದು ಐದಾರು ಕೋಟಿ ವರ್ಷದ್ದು ಅಷ್ಟೇ. ಎಂಟನೇ ಪುಟದಲ್ಲಿ ಈಗ ಸೀರೆಯುಟ್ಟ ಹೆಂಗಸೊಬ್ಬಳು ಹಿಮದ ಮೇಲೆ ಬಗ್ಗಿ ನಡೆಯುತ್ತಿದ್ದಾಳೆ. ಸೀರೆಗೆ ನೇರಳೆ ಬಣ್ಣ ಹಚ್ಚಿದ್ದಾರೆ, ಕಾಲಿಗೆ ದಪ್ಪ ಬೂಟು.

ಮಕ್ಕಳು ಎಲ್ಲಕ್ಕಿಂತ ಇಷ್ಟಪಟ್ಟದ್ದು ಮರದ ತುಂಡಿನ ಕಥೆ. ಎಕಾಟಿಯ ಪಾಂಡಾ ಎಂಬ ಗುಂಡಿಯಲ್ಲಿ, ಕಿಂಬರ್‌ಲೈಟಿನೊಳಗೆ ಐದು ಕೋಟಿ ವರ್ಷಕ್ಕೂ ಹಿಂದಿನ ಮೆಟಾಸಿಕೋಯಾ ಮರದ ತುಂಡು ಸಿಕ್ಕಿತು. ಕಲ್ಲಾಗಿರಲಿಲ್ಲ, ಮರ ಮರವಾಗಿಯೇ ಇತ್ತು. ಇವತ್ತು ಅಲ್ಲಿ ಮೊಣಕಾಲೆತ್ತರದ ಪೊದೆಗಿಂತ ದೊಡ್ಡದು ಕಾಣುವುದೇ ಅಪರೂಪ. "ಹಾಗಾದ್ರೆ ಮೊದಲು ಇಲ್ಲಿ ಸೆಖೆ ಇತ್ತಾ?" ಎನ್ನುತ್ತಾ ಕಿಟಕಿಯ ಹೊರಗೆ ನೋಡಿದರು. ಮಧ್ಯಾಹ್ನ ಮೂರಕ್ಕೇ ಕತ್ತಲಾಗತೊಡಗಿತ್ತು, ಮೈನಸ್ ಮೂವತ್ತೊಂದು.

ಜನವರಿಯಲ್ಲಿ ಇಲ್ಲಿಯ ಮೂಲನಿವಾಸಿಗಳಾದ ಡೆನೆ ಜನಾಂಗದ ಹಿರಿಯರೊಬ್ಬರು ತರಗತಿಗೆ ಬಂದರು. ಎಕಾಟಿ ಅವರ ಟ್ಲಿಚೋ ಭಾಷೆಯ ಹೆಸರು, ಕೊಬ್ಬಿನ ಕೆರೆ ಎಂದರ್ಥ. ಅಲ್ಲಿಯ ಬಿಳಿ ಬೆಣಚುಕಲ್ಲು ಕ್ಯಾರಿಬೂ ಎಂಬ ಉತ್ತರದ ಜಿಂಕೆಯ ಕೊಬ್ಬಿನಂತೆ ಕಾಣುತ್ತದೆ. ಗಾಚೋ ಕುಯೆ ಎಂದರೆ ದೊಡ್ಡ ಮೊಲಗಳಿರುವ ಜಾಗ. ಹೆಸರುಗಳಲ್ಲಿ ಪ್ರಾಣಿಗಳಿವೆ, ವಜ್ರವಿಲ್ಲ. ಅವರು ತಂದಿದ್ದ ಕ್ಯಾರಿಬೂವಿನ ಒಣಮಾಂಸವನ್ನು ಮಕ್ಕಳು ಹಂಚಿಕೊಂಡು ತಿಂದರು. ಬಹಳ ದಿನ ಜೋಪಾನ ಮಾಡಿಟ್ಟದ್ದು ಎಂದರು.

ಈ ಸೀಮೆಯ ಕ್ಯಾರಿಬೂಗಳ ಬ್ಯಾಥರ್ಸ್ಟ್ ಹಿಂಡು 1986ರಲ್ಲಿ ಸುಮಾರು 4,70,000 ಇತ್ತು. 2021ರ ಎಣಿಕೆಯಲ್ಲಿ ಉಳಿದದ್ದು ಆರು ಸಾವಿರದ ಆಸುಪಾಸು. ಎರಡನೇ ತರಗತಿಯ ಮಗುವಿಗೆ ಲಕ್ಷವನ್ನು ಹೇಗೆ ತೋರಿಸುವುದು? ಟೀಚರ್ ಒಂದು ದಾರಿ ಕಂಡುಕೊಂಡರು. ಒಂದು ಬೆರಳಚ್ಚು ಎಂದರೆ ಸಾವಿರ ಕ್ಯಾರಿಬೂ. ಕಂದು ಶಾಯಿಯ ಪ್ಯಾಡ್ ಇಟ್ಟುಕೊಂಡು, ಎದುರುಬದುರಿನ ಎರಡು ಪುಟ ತುಂಬ 470 ಬೆರಳಚ್ಚು ಒತ್ತಿಸಿದರು. ಎರಡು ಪೀರಿಯಡ್ ಹಿಡಿಯಿತು. ನಾನು ಎಣಿಸಿ ಎಣಿಸಿ ಗೀಟು ಹಾಕುತ್ತಿದ್ದೆ. ಒಬ್ಬೊಬ್ಬರೂ ಇಪ್ಪತ್ತೈದರಷ್ಟು ಒತ್ತಿದರು, ಅಂಗಿ ಕಂದಾಯಿತು, ಗಲ್ಲ ಕಂದಾಯಿತು, ನಗುವೋ ನಗು. ಪುಟ ತಿರುಗಿಸಿ ಆರು ಒತ್ತಬೇಕಾದಾಗ ಯಾರು ಒತ್ತಬೇಕೆಂದು ಜಗಳವಾಗಬಹುದು ಎಂದುಕೊಂಡಿದ್ದೆವು. ಆಗಲಿಲ್ಲ. ಆರು ಜನ ಬಂದು ಒತ್ತಿ ಹೋಗಿ ಕೂತರು.

"ನಮ್ಮಪ್ಪನಿಂದ ಹಿಂಗಾಯ್ತಾ?" ಎಂದು ಒಬ್ಬ ಹುಡುಗಿ ಮೆಲ್ಲಗೆ ಕೇಳಿದಳು. ಹಿರಿಯರು ಅವಳ ಪಕ್ಕ ಕೂತು ಹೇಳಿದರು: ಒಂದೇ ಕಾರಣ ಇಲ್ಲ ಮಗಳೇ, ಬಿಸಿಲು ಹೆಚ್ಚಾಗಿದೆ, ಮೇವು ಬದಲಾಗಿದೆ, ತೋಳ ಇದೆ, ಬೇಟೆ ಇತ್ತು, ರಸ್ತೆ ಗಣಿಗಳೂ ಇವೆ, ನಿನ್ನ ಅಪ್ಪ ನಿನಗೆ ಊಟ ತರಲು ಹೋಗಿದ್ದಾರೆ. ಗಣಿಗಳೂ ಇವೆ ಎನ್ನುವುದನ್ನು ಅವರು ಬಿಡಲಿಲ್ಲ, ಮಗುವನ್ನೂ ನೋಯಿಸಲಿಲ್ಲ. ಇಷ್ಟು ವರ್ಷ ಮಕ್ಕಳಿಗೆ ಓದಿ ಹೇಳಿದರೂ ಹೀಗೆ ಉತ್ತರ ಕೊಡಲು ನನಗೆ ಬರುವುದಿಲ್ಲ.

ಹಿಮದ ರಸ್ತೆಗೆ ಎರಡು ಪುಟ. ಹೆಪ್ಪುಗಟ್ಟಿದ ಕೆರೆಗಳ ಮೇಲೆ ವರ್ಷಕ್ಕೆ ಎರಡು ತಿಂಗಳ ಹತ್ತಿರ ಮಾತ್ರ ಇರುವ ದಾರಿ. ತುಂಬಿದ ಲಾರಿಗೆ ಗಂಟೆಗೆ 25 ಕಿಲೋಮೀಟರ್ ಮಿತಿ, ಜೋರಾಗಿ ಹೋದರೆ ಮಂಜಿನ ಕೆಳಗೆ ಅಲೆ ಎದ್ದು ಮಂಜು ಒಡೆಯುತ್ತದೆ. ವಜ್ರಕ್ಕೆ ಸಾಣೆ ಹಿಡಿಯುವ ಸೂರತ್ತಿಗೆ ಒಂದು ಪುಟ, ವಿಮಾನ ಮತ್ತು ಸಾಣೆಯ ಚಕ್ರ.

ಕೊನೆಯ ಪುಟಗಳನ್ನು ಹಿಂದಿನ ಬೆಂಚಿನ ಹುಡುಗ ಬರೆದ. ಅವನ ಅಪ್ಪ ಎರಡು ವಾರ ಗಣಿಯಲ್ಲಿ, ಎರಡು ವಾರ ಮನೆಯಲ್ಲಿ. ಅವನು ಬರೆದದ್ದು ಕ್ಯಾಲೆಂಡರು: ಹದಿನಾಲ್ಕು ಮನೆ ಕಪ್ಪು, ಹದಿನಾಲ್ಕು ಮನೆ ಕಿತ್ತಳೆ. ಡಯಾವಿಕ್‌ನಲ್ಲಿ ಅಗೆತ 2026ರಲ್ಲಿ ಮುಗಿಯುತ್ತದೆ ಎನ್ನುವುದು ಊರಿಗೆಲ್ಲ ಗೊತ್ತಿದ್ದ ಮಾತು, ಮನೆಮನೆಯ ಚಿಂತೆ. ಮುಗಿದ ಮೇಲೆ ಗುಂಡಿಗಳಿಗೆ ನೀರು ತುಂಬಿ, ಒಡ್ಡು ಒಡೆದು, ಮತ್ತೆ ಕೆರೆಗೆ ಸೇರಿಸುವ ಯೋಜನೆಯಿದೆ. ಇದನ್ನು ಕೇಳಿದ ಮೇಲೆ ಅವನು ಇನ್ನೊಂದು ಹಾಳೆ ಬೇಕೆಂದ. ಅದರಲ್ಲಿ ಇಡೀ ತಿಂಗಳು ಕಿತ್ತಳೆ, ಕೆಳಗೆ ನೀಲಿ ನೀರು, ನೀರಿನೊಳಗೆ ಮುಳುಗಿದ ಒಂದು ದೊಡ್ಡ ಲಾರಿ, ಲಾರಿಯ ಕಿಟಕಿಯಲ್ಲಿ ಒಂದು ಮೀನು.

ಮಾರ್ಚಿನಲ್ಲಿ ಪುಸ್ತಕಕ್ಕೆ ಹೊಲಿಗೆ ಹಾಕಿ, ಪ್ಲಾಸ್ಟಿಕ್ ಹೊದಿಸಿ, ಬೆನ್ನಿಗೆ ಚೀಟಿ ಅಂಟಿಸಿ ಕಪಾಟಿನಲ್ಲಿಟ್ಟೆ. ನಮ್ಮಲ್ಲಿ ಮನೆಗೆ ಕೊಡುವುದು ಒಂದು ವಾರಕ್ಕೆ. ಮೊದಲು ಬಂದವನು ಅವನೇ. ಎರಡು ವಾರ ಬೇಕು ಎಂದ. ಗುರುವಾರದ ವಿಮಾನಕ್ಕೆ ಅಪ್ಪ ಬರುತ್ತಾರಂತೆ. ಎರಡು ವಾರದ ತಾರೀಖು ಒತ್ತಿ ಕೊಟ್ಟೆ.