ಮೈಮೊನಿಡೀಸ್ ಓದು: ಹಡಗಿನ ಅಧ್ಯಾಯ ಮುಗಿಯಿತು

‘ಗೊಂದಲದಲ್ಲಿರುವವರಿಗೆ ಕೈಪಿಡಿ’ಯ ಮೊದಲ ಭಾಗದಲ್ಲಿ 60ನೇ ಅಧ್ಯಾಯ ದಾಟಿದೆ. ಯಹೂದಿ ತತ್ವಜ್ಞಾನಿ ಮೈಮೊನಿಡೀಸ್ ಇದನ್ನು 12ನೇ ಶತಮಾನದ ಈಜಿಪ್ಟಿನಲ್ಲಿ ಬರೆದ. ದೇವರಿಗೆ ಗುಣ ಹೇಳಬಹುದೇ ಎಂಬ ಚರ್ಚೆ 50ರಿಂದ ಶುರು. ಮೊದಲೆರಡು ಅಧ್ಯಾಯಕ್ಕೆ ನೋಟ್‌ಬುಕ್ಕಿನಲ್ಲಿ ಅರ್ಧ ಪುಟ ಸಾಕಾಯಿತು.

ಅವನ ತಕರಾರು ಇಷ್ಟೇ. ದೇವರಿಗೆ ಜ್ಞಾನ ಇದೆ, ಶಕ್ತಿ ಇದೆ ಎಂದರೆ ದೇವರು ಬೇರೆ, ಅವನ ಜ್ಞಾನ ಬೇರೆ ಎಂದಾಯಿತು. ಆಗ ದೇವರು ಒಬ್ಬನೇ ಎಂಬ ಮಾತಿಗೇ ಕುತ್ತು. ಹಾಗಾಗಿ ದೇವರು ಮಾಡುವ ಕೆಲಸದ ಬಗ್ಗೆ ಮಾತಾಡಬಹುದು. ಬೆಂಕಿ ಒಂದನ್ನು ಕರಗಿಸುತ್ತದೆ, ಇನ್ನೊಂದನ್ನು ಗಟ್ಟಿ ಮಾಡುತ್ತದೆ. ಅಷ್ಟಕ್ಕೇ ಬೆಂಕಿಯೊಳಗೆ ಎರಡು ಗುಣ ಕೂತಿವೆ ಎನ್ನಬೇಕಿಲ್ಲ. ಇಲ್ಲವೇ ‘ಅಲ್ಲ’ ಎನ್ನಬಹುದು: ಅಶಕ್ತನಲ್ಲ, ಅಜ್ಞಾನಿಯಲ್ಲ.

ಇಂಥ ‘ಅಲ್ಲ’ಗಳಿಂದಲೂ ಅರಿವು ಹತ್ತಿರವಾಗುತ್ತದೆ ಎಂದು ತೋರಿಸಲು 60ರಲ್ಲಿ ಹಡಗು ಬರುತ್ತದೆ. ಹಡಗು ಎಂಬುದೊಂದಿದೆ ಎಂದಷ್ಟೇ ಗೊತ್ತಿರುವವನಿಂದ ಆರಂಭ. ಮುಂದಿನ ಒಬ್ಬೊಬ್ಬನಿಗೂ ಇನ್ನಷ್ಟು ‘ಅಲ್ಲ’ ಗೊತ್ತಾಗುತ್ತ ಹೋಗುತ್ತದೆ. ಅದು ಖನಿಜವಲ್ಲ, ನೆಲದಲ್ಲಿ ಬೆಳೆಯುವ ಗಿಡವಲ್ಲ, ಹಲಗೆಯಂತೆ ಚಪ್ಪಟೆಯಲ್ಲ, ಗೋಳವಲ್ಲ, ಒಳಗೆ ಗಟ್ಟಿಯಲ್ಲ. ಹತ್ತನೆಯವನಿಗೆ ಹಡಗು ಹೆಚ್ಚುಕಡಿಮೆ ಸಿಕ್ಕಿಯೇಬಿಟ್ಟಿತು ಎನ್ನುತ್ತಾನೆ ಮೈಮೊನಿಡೀಸ್. ಸುಮ್ನೆ ಇರಲಾರದೆ ಒಂದೊಂದು ‘ಅಲ್ಲ’ಕ್ಕೂ ಉಳಿದದ್ದನ್ನು ಪೆನ್ಸಿಲ್ಲಿನಲ್ಲಿ ಬಿಡಿಸುತ್ತ ಹೋದೆ. ಕೊನೆಗೆ ಉಳಿದದ್ದು ಟೊಳ್ಳಾದ ಒಂದು ಮರದ ವಸ್ತು. ಪೆಟ್ಟಿಗೆಯೂ ಆಗಬಹುದಿತ್ತು! ಹಡಗು ಮೊದಲೇ ನೋಡಿರುವುದರಿಂದ ಹಡಗು ಅನಿಸುತ್ತದೆ, ಅಲ್ವಾ? ದೇವರ ವಿಷಯದಲ್ಲಿ ಆ ಅನುಕೂಲ ಇಲ್ಲ.

ನನಗೆ 59ನೇ ಅಧ್ಯಾಯವೇ ಜಾಸ್ತಿ ಗಟ್ಟಿ ಅನಿಸಿತು. ಅಲ್ಲಿ ಯಹೂದಿಗಳ ಧರ್ಮಗ್ರಂಥ ತಾಲ್ಮುದಿನ ಕಥೆಯೊಂದಿದೆ. ಪ್ರಾರ್ಥನೆ ನಡೆಸುವವನೊಬ್ಬ ಹೊಗಳಿಕೆಯ ಮೇಲೆ ಹೊಗಳಿಕೆ ಪೇರಿಸುತ್ತಾನೆ. ಮುಗಿಯುವವರೆಗೆ ಕಾದ ರಬ್ಬಿ (ಯಹೂದಿ ಧರ್ಮಗುರು) ಹನೀನ, ನಿನ್ನ ಒಡೆಯನ ಹೊಗಳಿಕೆ ಎಲ್ಲ ಆಯಿತಾ ಎಂದು ಕೇಳುತ್ತಾನೆ. ಲಕ್ಷಗಟ್ಟಲೆ ಚಿನ್ನದ ನಾಣ್ಯ ಇರುವ ರಾಜನನ್ನು ಬೆಳ್ಳಿಗಾಗಿ ಹೊಗಳಿದರೆ ಅವಮಾನವಲ್ಲವೇ ಎನ್ನುತ್ತಾನೆ. ಮೈಮೊನಿಡೀಸ್ ಹಿಡಿಯುವ ಎಳೆ ಇದು: ಹನೀನ ಚಿನ್ನವನ್ನೇ ಕಮ್ಮಿ ಮಾಡಿ ಹೇಳಲಿಲ್ಲ, ಬೆಳ್ಳಿ ಎಂದ. ಲೋಹವೇ ಬೇರೆ. ನಮ್ಮ ಜ್ಞಾನವನ್ನು ಎಷ್ಟು ಹಿಗ್ಗಿಸಿದರೂ ಅದು ದೇವರ ಜ್ಞಾನ ಆಗುವುದಿಲ್ಲ.

ಇದಕ್ಕೆ ಆಮೇಲಿನ ಯಹೂದಿ ತತ್ವಜ್ಞಾನಿ ಗೆರ್ಸೊನಿಡೀಸ್ (1288–1344) ಹಾಕುವ ಪೆಟ್ಟು ಜೋರಾಗಿದೆ. ಎರಡು ಜ್ಞಾನಕ್ಕೂ ಹೆಸರು ಬಿಟ್ಟು ಬೇರೇನೂ ಸಮಾನವಿಲ್ಲ ಎನ್ನುವುದಾದರೆ, ದೇವರಿಗೆ ದೇಹ ಇಲ್ಲ ಎಂದು ಯಾಕೆ ಹಟ? ‘ದೇಹ’ ಎಂದರೂ ಬೇರೆಯೇ ಅರ್ಥ ಎಂದುಬಿಡಬಹುದಲ್ಲ! ಮೈಮೊನಿಡೀಸ್ ಕಡೆಯಿಂದ ಇದಕ್ಕೆ ಒಳ್ಳೆಯ ಉತ್ತರ ನನಗಿನ್ನೂ ಸಿಕ್ಕಿಲ್ಲ. ಮುಂದೆ ಗೆರ್ಸೊನಿಡೀಸನ ‘ದೇವರ ಯುದ್ಧಗಳು’, ಮೂರನೇ ಭಾಗ. ಇನ್ನೊಬ್ಬ ಯಹೂದಿ ತತ್ವಜ್ಞಾನಿ ಕ್ರೆಸ್ಕಾಸ್ ಆಮೇಲೆ.